ಹುಡುಗಿಯರ ಶಾಲೆಗೆಂದು ಕೊಟ್ಟ ಹಣ
(ಜುಮಾ ಬಯಾನಿನ ಸಾರ)



2025ರ ಆಗಸ್ಟ್ 31ರ ರಾತ್ರಿ ಅಫ್ಘಾನಿಸ್ತಾನದ ಕುನಾರ್ ಕಡೆ ಭೂಮಿ ನಡುಗಿ ಎರಡು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಮುಂದಿನ ಜುಮಾದಂದೇ ನಮ್ಮ ಜಮಾಅತಿನ ಕೆಲವು ಯುವಕರು ಬಂದು, "ಹಜರತ್, ಬಾಗಲದಾಗ ಚಾದರ ಹಾಸೂಣೇನ್ರಿ?" ಎಂದು ಕೇಳಿದರು. ಹಾಸೋಣ, ಆದರೆ ಅದಕ್ಕೆ ಮೊದಲು ಒಂದು ಹಳೆಯ ಲೆಕ್ಕ ಒಪ್ಪಿಸಬೇಕಿದೆ ಎಂದೆ. ಆ ದಿನ ಬಯಾನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2023ರ ಸೆಪ್ಟೆಂಬರ್ 8, ಶುಕ್ರವಾರ. ಮೊರಾಕ್ಕೊದಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಮರಾಕಿಶ್ ನಗರದ ದಕ್ಷಿಣಕ್ಕಿರುವ ಅಟ್ಲಾಸ್ ಪರ್ವತದಲ್ಲಿ 6.8 ತೀವ್ರತೆಯ ಕಂಪನವಾಯಿತು. ಮಣ್ಣಿನ ಇಟ್ಟಿಗೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸತ್ತವರು ಸುಮಾರು 2,900. ಹನ್ನೆರಡನೆಯ ಶತಮಾನದ ತಿನ್ಮೆಲ್ ಮಸೀದಿಯೂ ಬಹುಪಾಲು ಬಿತ್ತು. ನಮ್ಮಲ್ಲಿ ಎಲ್ಲರ ಮೊಬೈಲಿಗೂ ಬಂದದ್ದು ಆ ಮಸೀದಿಯ ಚಿತ್ರ. ಐನೂರಕ್ಕೂ ಹೆಚ್ಚು ಶಾಲೆಗಳು ಹಾಗೂ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿ ವಸತಿಗಳು ಹಾನಿಗೊಂಡ ಸುದ್ದಿಯನ್ನು ಮಾತ್ರ ಯಾರೂ ಹಂಚಿಕೊಳ್ಳಲಿಲ್ಲ. ನಾನೂ ಅದನ್ನು ಓದಿದ್ದು ನಾಲ್ಕೈದು ದಿನ ತಡವಾಗಿ.

ಆ ಬೆಟ್ಟದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಇರುತ್ತದೆ. ಹನ್ನೆರಡು ವರ್ಷದ ನಂತರ ಓದಬೇಕಾದರೆ ಕೆಳಗಿನ ಪೇಟೆಗೆ ಇಳಿಯಬೇಕು. ಹುಡುಗ ಹೇಗೋ ಹೋಗುತ್ತಾನೆ, ಯಾರದೋ ಮನೆಯಲ್ಲಿ ಉಳಿಯುತ್ತಾನೆ. ಹುಡುಗಿಯನ್ನು ಕಳಿಸಲು ತಂದೆತಾಯಿ ಹೆದರುತ್ತಾರೆ. ಇದಕ್ಕಾಗಿಯೇ ಆ ದೇಶದಲ್ಲಿ 'ದಾರ್ ತಾಲಿಬಾ', ಅಂದರೆ ವಿದ್ಯಾರ್ಥಿನಿಯರ ಮನೆ, ಎಂಬ ವ್ಯವಸ್ಥೆ ಬೆಳೆದಿದೆ. ಶಾಲೆಯ ಪಕ್ಕದಲ್ಲೇ ವಸತಿ, ಊಟ, ನೋಡಿಕೊಳ್ಳಲು ಒಬ್ಬ ಹೆಂಗಸು. 'ಎಜುಕೇಶನ್ ಫಾರ್ ಆಲ್' ಎಂಬ ಸಂಸ್ಥೆ 2007ರಿಂದ ಆಸ್ನಿ ಎಂಬ ಊರಿನಲ್ಲಿ ಮತ್ತು ಸುತ್ತಲಿನ ಕಣಿವೆಗಳಲ್ಲಿ ಇಂಥ ಮನೆಗಳನ್ನು ನಡೆಸುತ್ತ ಬಂದಿದೆ. ಭೂಕಂಪ ಬಡಿದದ್ದು ಅದೇ ಕಣಿವೆಗಳಿಗೆ. ಶಾಲೆಯನ್ನು ಡೇರೆಯಲ್ಲಿ ನಡೆಸಬಹುದು, ನಡೆಸಿದರು ಕೂಡ. ಆದರೆ ಹುಡುಗಿ ರಾತ್ರಿ ಮಲಗುವ ಕೋಣೆ ಬಿದ್ದರೆ ಅವಳು ಬೆಟ್ಟ ಹತ್ತಿ ಮನೆಗೆ ಹಿಂದಿರುಗುತ್ತಾಳೆ. ಒಮ್ಮೆ ಹಿಂದಿರುಗಿದವಳು ಮತ್ತೆ ಇಳಿದು ಬರುವುದು ಕಷ್ಟ.

ಖಾನಾಪುರದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕಣಕುಂಬಿ, ಜಾಂಬೋಟಿ ಕಡೆಯ ಮಳೆ, ತುಂಬಿ ಹರಿಯುವ ಹಳ್ಳ, ಬಾರದ ಬಸ್ಸು, ಭೀಮಗಡದ ಕಾಡಿನೊಳಗಿನ ಗವಾಳಿ, ಪಾಸ್ತೋಲಿಯಂಥ ಊರುಗಳು. ಅಲ್ಲಿ ನೆಲ ನಡುಗದೆಯೇ ಹುಡುಗಿಯ ಓದು ನಿಲ್ಲಬಹುದು.

ಸೆಪ್ಟೆಂಬರ್ 15ರ ಜುಮಾದಂದು ನಾನು ಇದನ್ನೆಲ್ಲ ಹೇಳಿ ಚಾದರ ಹಾಸಿಸಿದೆ. ಮೊರಾಕ್ಕೊದ ಹುಡುಗಿಯರ ಓದಿಗಾಗಿ ಎಂದು ಬಾಯಿಬಿಟ್ಟು ಹೇಳಿದ್ದೆ. ಆ ಭೂಮಿಯ ಫಾತಿಮಾ ಅಲ್ ಫಿಹ್ರಿ ತಂದೆಯಿಂದ ಬಂದ ಆಸ್ತಿ ಕೊಟ್ಟು 859ರಲ್ಲಿ ಫೆಝ್ ನಗರದ ಖರವಿಯ್ಯೀನ್ ಕಟ್ಟಿಸಿದರೆಂದು ಇತಿಹಾಸದಲ್ಲಿ ಬರುವ ಮಾತನ್ನೂ ನೆನಪಿಸಿದ್ದೆ. ಜನ ಕೈಬಿಚ್ಚಿ ಕೊಟ್ಟರು. ಖಾನಾಪುರ ಕಡೆಯ ಒಬ್ಬ ತಾಯಿ ಮಗನ ಕೈಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆ ಕಳಿಸಿದ್ದರು.

ತಪ್ಪು ನನ್ನದು. ಹಣ ಹೇಗೆ ಹೋಗುತ್ತದೆ ಎಂದು ವಿಚಾರಿಸದೆಯೇ ಕೇಳಿಬಿಟ್ಟಿದ್ದೆ. ಬ್ಯಾಂಕಿಗೆ ಹೋದಾಗ, ಮಸೀದಿಯ ಖಾತೆಯಿಂದ ಹೀಗೆ ಹೊರದೇಶಕ್ಕೆ ಕಳಿಸಲು ಬರುವುದಿಲ್ಲ ಎಂದರು. ರಬೀಉಲ್ ಅವ್ವಲ್ ಇನ್ನೂ ಮುಗಿದಿರಲಿಲ್ಲ, ಆ ತಾಯಿ ಮೆಟ್ಟಿಲ ಬಳಿ ನಿಂತು, "ನಮ್ ರೊಕ್ಕ ಮುಟ್ಟಿತೇನ್ರಿ ಹಜರತ್?" ಎಂದು ಕೇಳಿದರು. ಹಣ ಕಪಾಟಿನಲ್ಲಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಒಬ್ಬ ಲೆಕ್ಕಪರಿಶೋಧಕರಿಂದಲೂ ಮುಫ್ತಿ ಸಾಹೇಬರಿಂದಲೂ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಎಫ್‌ಸಿಆರ್‌ಎ ಎಂಬ ಕಾಯ್ದೆಯ ಹೆಸರು ನೀವು ಕೇಳಿರುತ್ತೀರಿ. ಅದು ಹೊರಗಿನಿಂದ ಒಳಬರುವ ದೇಣಿಗೆಗೆ ಸಂಬಂಧಿಸಿದ್ದು, ಹೋಗುವ ಹಣಕ್ಕಲ್ಲ. ಹೋಗುವ ಹಣಕ್ಕೆ ಫೆಮಾ ಕಾಯ್ದೆ ಮತ್ತು ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಇಲ್ಲಿ ವಾಸಿಸುವ ಯಾವುದೇ ವ್ಯಕ್ತಿ ಪ್ಯಾನ್ ಕೊಟ್ಟು, ತನ್ನ ಬ್ಯಾಂಕಿನ ಮೂಲಕ, ದೇಣಿಗೆ ಎಂಬ ಉದ್ದೇಶ ಬರೆದು, ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಕಳಿಸಬಹುದು. ನಮ್ಮಂಥವರಿಗೆ ಆ ಮಿತಿ ಮುಟ್ಟುವ ಚಿಂತೆಯಿಲ್ಲ! ಆದರೆ ಈ ಅವಕಾಶ ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟು ಸಂಘಗಳಿಗಿಲ್ಲ. ಧರ್ಮದತ್ತಿ ಟ್ರಸ್ಟು ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ಮೊದಲೇ ಮಂಜೂರಾತಿ ಪಡೆದಿರದಿದ್ದಲ್ಲಿ ಆ ಮೊತ್ತಕ್ಕೆ ಆದಾಯ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ಹವಾಲಾ ಮೂಲಕ ಕಳಿಸೋಣ ಎಂದು ಒಬ್ಬರು ಪಿಸುಗುಟ್ಟಿದರು. ಅದು ಕಾನೂನಿನಲ್ಲೂ ಅಪರಾಧ, ಅಮಾನತಿಗೂ ದ್ರೋಹ. ಯಾರ ಕೈಸೇರಿತು ಎಂದು ನಾಳೆ ಯಾರೂ ಹೇಳಲಾರರು.

ಇನ್ನು ಶರೀಅತ್. ಹನಫಿ ಫಿಕ್ಹ್ ಪ್ರಕಾರ ಝಕಾತ್ ಸಿಂಧುವಾಗಬೇಕಾದರೆ ಅದು ಅರ್ಹ ಬಡವನ ಒಡೆತನಕ್ಕೆ ಸೇರಬೇಕು. ಇದನ್ನು ತಮ್ಲೀಕ್ ಎನ್ನುತ್ತಾರೆ. ಗೋಡೆಗೆ, ಛಾವಣಿಗೆ ಒಡೆತನವಿಲ್ಲ. ಆದ್ದರಿಂದ ಶಾಲೆಯ ಕಟ್ಟಡಕ್ಕೆ ಝಕಾತ್ ಹಾಕುವಂತಿಲ್ಲ, ಮಸೀದಿಗೆ ಹಾಕುವಂತಿಲ್ಲದ ಹಾಗೆ. ಬಡ ವಿದ್ಯಾರ್ಥಿನಿಯ ಕೈಗೆ, ಅವಳು ಚಿಕ್ಕವಳಾದರೆ ಪೋಷಕರ ಕೈಗೆ, ಫೀ, ಪುಸ್ತಕ, ಬಟ್ಟೆಯ ರೂಪದಲ್ಲಿ ಕೊಡಬಹುದು. ಹಾಸ್ಟೆಲಿನಲ್ಲಿ ಕೂರಿಸಿ ಉಣಿಸಿದರೂ ಝಕಾತ್ ತೀರುವುದಿಲ್ಲ, ಅನ್ನವನ್ನು ಅವಳದ್ದಾಗಿ ಕೈಗೆ ಕೊಡಬೇಕು ಎಂಬಷ್ಟು ಸೂಕ್ಷ್ಮ ಇಲ್ಲಿದೆ. ಗೋಡೆಗೆ ಬೇಕಾದದ್ದು ನಫಿಲ್ ಸದಕಾ, ಇಮ್ದಾದ್, ವಕ್ಫ್. ಚಾದರದಲ್ಲಿ ಎರಡೂ ಒಟ್ಟಿಗೆ ಬಿದ್ದರೆ ಬೇರ್ಪಡಿಸುವುದು ಹೇಗೆ? ನಮ್ಮ ಚಾದರದಲ್ಲಿ ಹಾಗೇ ಆಗಿತ್ತು. ಇನ್ನೊಂದು: ತನ್ನ ಊರಿನ ಬಡವರನ್ನು ಬಿಟ್ಟು ಝಕಾತನ್ನು ಬೇರೆ ಊರಿಗೆ ಒಯ್ಯುವುದು ಮಕ್ರೂಹ್, ಅಲ್ಲಿ ಹೆಚ್ಚಿನ ಅಗತ್ಯ ಅಥವಾ ಬಂಧುಗಳಿದ್ದರೆ ಹೊರತು.

ನಮ್ಮ ಹಣಕ್ಕೆ ಮುಫ್ತಿ ಸಾಹೇಬರು ಹೇಳಿದ ದಾರಿ ಹೀಗಿತ್ತು. ಕೊಟ್ಟವರು ಯಾರೆಂದು ಗೊತ್ತಿದ್ದರೆ ಅವರನ್ನೇ ಕೇಳಿ, ಬೇಡವೆಂದರೆ ಹಿಂದಿರುಗಿಸಿ. ಝಕಾತ್ ಎಂದು ಹೇಳಿದವರದ್ದನ್ನು ಬಡ ವಿದ್ಯಾರ್ಥಿನಿಯರ ಕೈಗೇ ಮುಟ್ಟಿಸಿ. ಗೊತ್ತಿಲ್ಲದವರ ಹಣವನ್ನು ಅವರ ಉದ್ದೇಶಕ್ಕೆ ಅತಿ ಹತ್ತಿರದ ಕೆಲಸಕ್ಕೆ ಬಳಸಿ. ಮಸೀದಿಯ ದುರಸ್ತಿಗಾಗಲಿ ಇಮಾಮರ ಸಂಬಳಕ್ಕಾಗಲಿ ಅದರಿಂದ ಒಂದು ರೂಪಾಯಿಯೂ ಹೋಗಕೂಡದು. ಮೂರು ಜುಮಾಗಳಲ್ಲಿ ಇದನ್ನು ಸಾರಿದೆವು. ಇಬ್ಬರು ಬಂದು ಹಣ ಹಿಂದಕ್ಕೆ ಪಡೆದರು, ಸಂತೋಷದಿಂದಲೇ ಕೊಟ್ಟೆವು. ಉಳಿದದ್ದರಲ್ಲಿ ಖಾನಾಪುರದ ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಕೆಲವು ಹುಡುಗಿಯರ ಬಸ್ ಪಾಸು, ಪುಸ್ತಕ, ಮಳೆಗಾಲದ ನಾಲ್ಕು ತಿಂಗಳ ವಸತಿ ಖರ್ಚು ನಡೆಯಿತು.

ಕಟ್ಟುವ ಗೋಡೆ ಎಂಥದ್ದು ಎಂದೂ ಕೇಳಬೇಕು. 2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ, 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾಯಿತು. ಎರಡೂ ಶನಿವಾರ, ಎರಡೂ ಹಗಲು. ಗಡಿಯಾಚೆಯ ಮುಝಫ್ಫರಾಬಾದ್ ಕಡೆ ಅದು ಶಾಲೆಯ ದಿನ, ಬೆಳಗಿನ ತರಗತಿ ನಡೆಯುತ್ತಿತ್ತು. ಸಾವಿರಾರು ಮಕ್ಕಳು ತರಗತಿಯಲ್ಲೇ ಹೋದರು. ನೇಪಾಳದಲ್ಲಿ ಶನಿವಾರ ವಾರದ ರಜೆ. ಶಾಲೆಗಳು ಸಾವಿರಗಟ್ಟಲೆ ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ನಮ್ಮ ಪಕ್ಕದ ಕಿಲ್ಲಾರಿಯಲ್ಲಿ 1993ರಲ್ಲಿ ಬೆಳಗಿನ ಜಾವ ಜನರನ್ನು ಕೊಂದದ್ದೂ ಕಲ್ಲುಮಣ್ಣಿನ ದಪ್ಪ ಗೋಡೆಗಳೇ. ಅಗ್ಗದಲ್ಲಿ ಎರಡು ಕೋಣೆ ಕಟ್ಟುವುದಕ್ಕಿಂತ ಭೂಕಂಪ ತಡೆಯುವ ಒಂದೇ ಕೋಣೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕುನಾರ್ ವಿಷಯದಲ್ಲಿ ಒಂದು ಮಾತು ನುಂಗಿಕೊಳ್ಳಲಾರೆ. ಅಲ್ಲಿ 2021ರಿಂದ ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆಯಿಲ್ಲ. ವಿದ್ಯೆ ಹೆಣ್ಣಿಗೂ ಕರ್ತವ್ಯ ಎಂದು ಮದ್ರಸಾದಲ್ಲಿ ಓದಿ ಬಂದ ನನಗೆ ಆ ನಿಷೇಧ ದೀನಿನ ಯಾವ ಮೂಲೆಯಿಂದ ಬಂತೋ ತಿಳಿಯದು. ಹಾಗೆಂದು ಅಲ್ಲಿನ ಚಿಕ್ಕ ಹುಡುಗಿಯ ಪ್ರಾಥಮಿಕ ಶಾಲೆ ಬಿದ್ದೇ ಇರಲಿ ಎನ್ನಲಾದೀತೇ?

ಈ ಸಲ ಚಾದರ ಹಾಸಲಿಲ್ಲ. ಎರಡು ಪೆಟ್ಟಿಗೆ ಇಟ್ಟಿದ್ದೇವೆ, ಒಂದರ ಮೇಲೆ ಝಕಾತ್, ಇನ್ನೊಂದರ ಮೇಲೆ ಇಮ್ದಾದ್ ಎಂದು ಬರೆದಿದೆ. ಎರಡೂ ಇಲ್ಲಿನ ಹುಡುಗಿಯರ ಓದಿಗೆ. ಹೊರದೇಶಕ್ಕೆ ಕೊಡಬಯಸುವವರು ತಮ್ಮ ತಮ್ಮ ಖಾತೆಯಿಂದಲೇ ಕಳಿಸಲಿ, ಫಾರಂ ತುಂಬಲು ಮಗ್ರಿಬ್ ನಂತರ ನಮ್ಮ ಯುವಕರು ಕೂರುತ್ತಾರೆ.

ಆ ತಾಯಿಗೆ ಎಲ್ಲವನ್ನೂ ವಿವರಿಸಿದಾಗ, "ಇಲ್ಲಿ ಹುಡುಗ್ಯಾರಿಗೆ ಆತಲ್ರಿ, ಚಲೋ ಆತು. ಆದ್ರ ಅವರಿಗೆ?" ಎಂದರು. ಮರುವಾರ ಅವರ ಮಗ ತನ್ನ ಖಾತೆಯಿಂದ ಆಸ್ನಿಯ ಹುಡುಗಿಯರ ವಸತಿಗೆ ಮೂರು ಸಾವಿರ ರೂಪಾಯಿ ಕಳಿಸಿದ. ಕಳಿಸುವ ಶುಲ್ಕವೇ ಅರ್ಧದಷ್ಟಾಯಿತು ಎಂದು ಗೊಣಗಿದ, ಆದರೂ ರಸೀದಿ ತಂದು ತೋರಿಸಿದ. ಅದರ ನಕಲು ಹೆಸರು ಮರೆಮಾಡಿ ವುಝೂಖಾನೆಯ ಪಕ್ಕದ ಫಲಕದಲ್ಲಿ ಅಂಟಿಸಿದೆ.