ಪ್ರೋಗ್ರಾಂ ಬರೆಯುವ ಪ್ರೋಗ್ರಾಂ



ಸಂಘದ ಊಟದ ದಿನ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುವುದನ್ನು ನೀವೆಲ್ಲ ನೋಡಿದ್ದೀರಿ. ಕೊನೆಗೆ ಇಟ್ಟ ತಟ್ಟೆಯೇ ಮೊದಲು ಕೈಗೆ ಬರುತ್ತದೆ. ಗಣಕಯಂತ್ರದವರು ಇದನ್ನೇ ‘ಸ್ಟ್ಯಾಕ್’ ಎನ್ನುತ್ತಾರೆ. ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ಹೀಗೆ ಒಂದೇ ಗಂಟಾಗಿ ಕಟ್ಟುವುದು ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿ. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನಿಗಾರ್ಡ್ ರೂಪಿಸಿದ ಸಿಮ್ಯುಲಾ ಭಾಷೆಯಲ್ಲಿ ಇದರ ಬೇರಿದೆ.

ಇಂಥ ಪ್ರೋಗ್ರಾಮನ್ನು ಯಂತ್ರವೇ ಬರೆಯಬಲ್ಲದೇ? 1992ರಲ್ಲಿ ಅಮೆರಿಕದ ಜಾನ್ ಕೋಜಾ ‘ಜೆನೆಟಿಕ್ ಪ್ರೋಗ್ರಾಮಿಂಗ್’ ಎಂಬ ಗ್ರಂಥದಲ್ಲಿ ಒಂದು ದಾರಿ ತೋರಿಸಿದರು. ಮೊದಲು ನೂರಾರು ಪ್ರೋಗ್ರಾಂಗಳನ್ನು ಮನಬಂದಂತೆ ಹುಟ್ಟಿಸುವುದು. ಪ್ರತಿಯೊಂದನ್ನೂ ಪರೀಕ್ಷಿಸಿ ಅಂಕ ಕೊಡುವುದು. ಹೆಚ್ಚು ಅಂಕ ಬಂದವುಗಳ ತುಂಡುಗಳನ್ನು ಅದಲುಬದಲು ಮಾಡಿ ಮುಂದಿನ ಪೀಳಿಗೆಯನ್ನು ಬೆಳೆಸುವುದು. ರೈತ ಒಳ್ಳೆಯ ತೆನೆಯನ್ನೇ ಬಿತ್ತನೆಗೆ ಎತ್ತಿಡುವುದಿಲ್ಲವೇ, ಹಾಗೆ.

1995ರಲ್ಲಿ ವಿಲ್ಕರ್ ಶೇನ್ ಬ್ರೂಸ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ವಿಧಾನವನ್ನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಂಗಳಿಗೆ ಅನ್ವಯಿಸಿದರು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ವಿಲಿಯಂ ಲ್ಯಾಂಗ್ಡನ್ ಸ್ಟ್ಯಾಕಿನ ಐದೂ ಕೆಲಸಗಳನ್ನು ಒಟ್ಟೊಟ್ಟಿಗೇ ಬೆಳೆಸಿದರು. ಕಷ್ಟವಿದ್ದದ್ದು ಇಲ್ಲಿಯೇ. ತಟ್ಟೆ ಇಡುವವನು ಎಲ್ಲಿಟ್ಟ ಎಂಬುದು ತೆಗೆಯುವವನಿಗೆ ತಿಳಿದಿರಬೇಕು. ಇಬ್ಬರಲ್ಲಿ ಒಬ್ಬ ತಪ್ಪಿದರೂ ಇನ್ನೊಬ್ಬನ ಜಾಣತನ ವ್ಯರ್ಥ.

ಇನ್ನೊಂದು ತೊಡಕು ಅಂಕದ್ದು. ಯಂತ್ರ ಕಲಿಯುವುದು ನಾವು ಕೇಳಿದ ಪ್ರಶ್ನೆಗಳಿಗೆ ಮಾತ್ರ. ‘ತಟ್ಟೆಗಳೆಲ್ಲ ಖಾಲಿಯಾದಾಗ ತೆಗೆಯಹೋದರೆ ಏನಾಗಬೇಕು?’ ಎಂದು ಕೇಳಲು ಮರೆತಿರೋ, ನೂರಕ್ಕೆ ನೂರು ಪಡೆದ ಪ್ರೋಗ್ರಾಂ ಕೂಡ ಅಲ್ಲಿ ಮುಗ್ಗರಿಸಬಹುದು.

ಇಂದಿನ ಯಂತ್ರಗಳು ಬೇರೆ ಹಾದಿ ಹಿಡಿದಿವೆ. 2021ರಲ್ಲಿ ಬಂದ ಗಿಟ್‌ಹಬ್ ಕೋಪೈಲಟ್, ಮನುಷ್ಯರು ಬರೆದಿಟ್ಟ ಅಪಾರ ಪ್ರೋಗ್ರಾಂಗಳಿಂದ ಕಲಿತು ಬರೆಯುತ್ತದೆ. 2022ರ ಆಲ್ಫಾಕೋಡ್ ಅಸಂಖ್ಯ ಉತ್ತರಗಳನ್ನು ಬರೆದು, ಮಾದರಿ ಪರೀಕ್ಷೆಯಲ್ಲಿ ಸೋತವನ್ನು ಜರಡಿ ಹಿಡಿಯಿತು. ದಾರಿ ಬದಲಾದರೂ ಜರಡಿಯ ಕಣ್ಣು ಎಷ್ಟು ಸಣ್ಣದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

‘ಹಾಗಾದರೆ ನಾವು ಓದಿ ಏನು ಪ್ರಯೋಜನ?’ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳುತ್ತಿದ್ದೀರಿ. ಆತಂಕ ಸಹಜ. ಬರೀ ಟೈಪು ಮಾಡುವ ಕೆಲಸ ಕಡಿಮೆಯಾಗಬಹುದು. ಅದನ್ನು ಮುಚ್ಚಿಡುವುದು ಬೇಡ. ಆದರೆ ಉತ್ತರಪತ್ರಿಕೆ ತಿದ್ದುವವನಿಗೆ ಪಾಠ ಬಂದಿರಲೇಬೇಕು. ಈ ಭಾನುವಾರ ಗಣಕಯಂತ್ರವನ್ನು ಮುಚ್ಚಿ, ಒಂದು ಹಾಳೆಯ ಮೇಲೆ ಸ್ಟ್ಯಾಕಿಗೆ ಹತ್ತು ಪ್ರಶ್ನೆ ಬರೆಯಿರಿ. ಹತ್ತನೆಯದು ಹೊಳೆಯುವಷ್ಟರಲ್ಲಿ, ಯಂತ್ರ ಬರೆದುಕೊಟ್ಟದ್ದನ್ನು ತೂಗಿ ನೋಡುವುದು ಎಂಥ ಕೆಲಸವೆಂದು ನಿಮಗೇ ತಿಳಿಯುತ್ತದೆ.