ಜೀಗುಜ್ಜೆಯ ಹಲಗೆ, ಶಾಂಭವಿಯ ಅಳಿವೆ

ಪುತ್ತೂರಿನಿಂದ ಕೇರಳದ ಗಡಿಯತ್ತ ಸಾಗುವಾಗ ಸಿಗುವ ಬೆಟ್ಟಂಪಾಡಿಯಲ್ಲಿ, ಕಡಲಿನ ಮೊರೆತ ಕಿವಿಗೆ ಬೀಳದ ಅಡಕೆ ತೋಟಗಳ ನಡುವೆ ಬದುಕುವವರಿಗೆ, ಜೀಗುಜ್ಜೆಯೆಂದರೆ ಪೋಡಿ ಮತ್ತು ಸಾಂಬಾರು, ಪೊಂಗಾರೆ ಎಂದರೆ ಕರಿಮೆಣಸಿನ ಬಳ್ಳಿಗೆ ಆಸರೆಯಾದ ಮುಳ್ಳುಮರ. ಅದೇ ಜೀಗುಜ್ಜೆಯೂ, ನಾವು ಹಾಲುವಾಣವೆಂದೂ ಕರೆಯುವ ಆ ಪೊಂಗಾರೆಯ ಸೋದರ ಜಾತಿಯೊಂದೂ, ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಅರಸುಮಕ್ಕಳನ್ನು ಅಲೆಗಳ ನೆತ್ತಿಯ ಮೇಲೆ ನಿಲ್ಲಿಸಿದವೆಂದರೆ ನಮ್ಮ ತೋಟಿಗರಿಗೆ ನಂಬುಗೆ ಬರುವುದು ಕಷ್ಟ. ಸರ್ಫಿಂಗ್ ಎಂಬ ತರಂಗಾರೋಹಣ ಕಲೆಯ ಇತಿಹಾಸ ಮೊದಲಾಗುವುದು ಕಡಲಿನಲ್ಲಲ್ಲ, ಕಾಡಿನಲ್ಲಿ.

ಹೊನೊಲುಲು ನಗರದ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಆ ಪುರಾತನ ಹಲಗೆಗಳಲ್ಲಿ ಕೆಲವು ಇಂದಿಗೂ ಸುರಕ್ಷಿತವಾಗಿವೆ. ರಾಜವಂಶದ ಬರ್ನೀಸ್ ಪೌಆಹಿಯ ಸ್ಮರಣಾರ್ಥವಾಗಿ ಆಕೆಯ ಪತಿ ಚಾರ್ಲ್ಸ್ ರೀಡ್ ಬಿಷಪ್ 1889ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಜನಸಾಮಾನ್ಯರೂ ಬಳಸುತ್ತಿದ್ದ ತೆಳುವಾದ ಅಲಾಯ ಹಲಗೆಯನ್ನು ಜೀಗುಜ್ಜೆಯ ಮರದಿಂದಲೋ ಕೋಆ ಎಂಬ ಗಟ್ಟಿಮರದಿಂದಲೋ ಕಡೆಯುತ್ತಿದ್ದರು. ಪ್ರಭುಗಳಿಗೆ ಮೀಸಲಾದ ದೀರ್ಘಕಾಯದ ಓಲೋ ಹಲಗೆಗೆ, ಹಾಲುವಾಣದ ಕುಲಕ್ಕೇ ಸೇರಿದ ಹಗುರವಾದ ವಿಲಿವಿಲಿ ಮರ ಶ್ರೇಷ್ಠವೆನಿಸಿತ್ತು. ಮರವನ್ನು ಕಡಿಯುವ ಮುನ್ನ ಅದರ ಬುಡದಲ್ಲಿ ಕುಮು ಎಂಬ ಕೆಂಪು ಮೀನನ್ನು ಕಾಣಿಕೆಯಾಗಿ ಇಟ್ಟು, ಪ್ರಾರ್ಥನೆ ಸಲ್ಲಿಸಿ, ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ತುಂಡಿನಿಂದ ತಿಕ್ಕಿ ನಯಗೊಳಿಸಿ, ಕುಕುಯಿ ಕಾಯಿಯ ಎಣ್ಣೆಯನ್ನು ಲೇಪಿಸುತ್ತಿದ್ದರು. ಸವಾರಿ ಮುಗಿದ ಬಳಿಕ ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ, ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುತ್ತಿದ್ದರು.

1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಅಲ್ಲಿಗೆ ಬಂದ ಮೇಲೆ, ಹೊರಗಿನಿಂದ ಬಂದ ರೋಗಗಳಿಂದ ದ್ವೀಪವಾಸಿಗಳು ಅಸಂಖ್ಯಾತವಾಗಿ ಅಳಿದರು. 1820ರ ಬಳಿಕ ಪಾದ್ರಿಗಳ ಕಟ್ಟುನಿಟ್ಟು ಅದಕ್ಕೆ ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಕ್ರೀಡೆ ಬಹುಮಟ್ಟಿಗೆ ಕ್ಷೀಣಿಸಿತ್ತು.

ನನಗೆ ಅತ್ಯಂತ ಕುತೂಹಲಕರವೆನಿಸುವುದು ಇದರ ಮುಂದಿನ ಕಥೆ. ಬರ್ನೀಸಳ ತಂದೆಯಾದ ಪಾಕಿ ಎಂಬ ಪ್ರಭುವಿನ ಎರಡು ಓಲೋ ಹಲಗೆಗಳು, ಒಂದು ಸುಮಾರು 16 ಅಡಿ ಉದ್ದದ್ದು, ಅಡಕೆಯ ಮೂಟೆಯೊಂದರಷ್ಟು ಭಾರದ್ದು, ಮಗಳ ಹೆಸರಿನ ಆ ಸಂಗ್ರಹಾಲಯದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದುವು. 1920ರ ದಶಕದಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರನು ಅನುಮತಿ ಪಡೆದು ಅವುಗಳನ್ನು ಜೀರ್ಣೋದ್ಧಾರಗೊಳಿಸಿದನು. ಬಳಿಕ ಅವುಗಳ ಪ್ರತಿಕೃತಿಯನ್ನು ರಚಿಸುವಾಗ, ಭಾರವನ್ನು ತಗ್ಗಿಸಲೆಂದು ಮರದಲ್ಲಿ ರಂಧ್ರಗಳನ್ನು ಕೊರೆದು ಮೇಲೆ ತೆಳುಹಲಗೆ ಮುಚ್ಚಿದನು. ಟೊಳ್ಳು ಹಲಗೆ ಹುಟ್ಟಿದುದು ಹೀಗೆ. 1935ರಲ್ಲಿ ಆತನೇ ಹಲಗೆಯ ಹಿಂಬದಿಯ ತಳಕ್ಕೆ ಮೀನಿನ ಈಜುರೆಕ್ಕೆಯಂತಹ ಪಟ್ಟಿಯನ್ನು ಜೋಡಿಸಿ, ಅಡ್ಡಕ್ಕೆ ಜಾರದಂತೆ ಮಾಡಿದನು. ಆಧುನಿಕ ಹಗುರ ಹಲಗೆಯ ಒಂದು ಬೇರು ವಸ್ತುಸಂಗ್ರಹಾಲಯದ ಕಡೆಗಣಿತ ಮೂಲೆಯಲ್ಲಿದೆ. ಹಳೆಯ ಸಾಮಾನು ಕೂಡಿಹಾಕುವುದು ವ್ಯರ್ಥವೆನ್ನುವವರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನರಿಯೆ.

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ದೀಪಸ್ತಂಭವೊಂದರೊಳಗೆ 1986ರಿಂದ ಪುಟ್ಟ ಸರ್ಫಿಂಗ್ ಸಂಗ್ರಹಾಲಯವೊಂದಿದೆ. 1885ರಲ್ಲಿ ಆ ಊರಿನ ಸ್ಯಾನ್ ಲೊರೆಂಜೊ ನದಿಯ ಮುಖದಲ್ಲಿ ಹವಾಯಿಯ ಮೂವರು ರಾಜಕುಮಾರರು ರೆಡ್‌ವುಡ್ ಮರದ ಹಲಗೆಗಳ ಮೇಲೆ ಅಲೆಯೇರಿದ್ದರು. ನದೀಮುಖವನ್ನು ಅವರು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ದೂರದ ಗಾಳಿ ಎಬ್ಬಿಸಿದ ಅಲೆಯಲ್ಲಿ ಪಯಣಿಸುವುದು ನೀರಲ್ಲ, ಶಕ್ತಿ. ಆಳ ಕಡಿಮೆಯಾದೆಡೆ ಅದರ ಬುಡ ನಿಧಾನಿಸಿ, ತಲೆ ಮುಂಬಾಗಿ ಮುರಿಯುತ್ತದೆ. ನದಿ ತಂದೊಡ್ಡಿದ ಮರಳದಿಬ್ಬವಿದ್ದಲ್ಲಿ ಅಲೆಯು ಒಮ್ಮೆಗೇ ಕುಸಿಯದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಮುರಿಯುವುದುಂಟು. ಸವಾರನು ಆ ಓರೆಯಲ್ಲಿ ಜಾರುತ್ತಾನೆ.

ನಮ್ಮ ಜಿಲ್ಲೆಯಲ್ಲೂ ಈ ಆಟ ಬೇರೂರಿದುದು ಅಳಿವೆಯ ಬಳಿಯಲ್ಲಿಯೇ. ಸರ್ಫಿಂಗ್ ಸ್ವಾಮಿ ಎಂದೇ ಪ್ರಸಿದ್ಧರಾದ, ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಅವರು 2004ರಲ್ಲಿ ಮೂಲ್ಕಿಯಲ್ಲಿ ಆಶ್ರಮದೊಡನೆಯೇ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಕೃಷ್ಣಭಕ್ತಿಯೂ ಕಡಲ ಸಾಹಸವೂ ಒಂದೇ ಅಂಗಳದಲ್ಲಿ ನಡೆದುದು ನಮ್ಮವರಿಗೆ ಮೊದಲು ವಿಚಿತ್ರವಾಗಿ ಕಂಡಿದ್ದರೆ ತಪ್ಪಿಲ್ಲ. ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲನ್ನು ಸೇರುವ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳ ಕೊನೆಗೆ, ಮುಂಗಾರು ಕಾಲಿಡುವ ಮುನ್ನ, ರಾಷ್ಟ್ರಮಟ್ಟದ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಜರುಗಿತು. 2022ರಲ್ಲಿ ಪಣಂಬೂರು ಅದಕ್ಕೆ ನೆಲೆಯಾಯಿತು. ಈ ನಡುವೆ ಟೋಕಿಯೊ ಒಲಿಂಪಿಕ್ಸಿನಲ್ಲೂ ಸರ್ಫಿಂಗ್ ಸ್ಥಾನ ಪಡೆದಿತ್ತು.

ಬೆಟ್ಟಂಪಾಡಿಯಿಂದ ಮೂಲ್ಕಿಗೆ ಹೋಗುವವರು ದಾರಿಯಲ್ಲಿ ಬಂಟ್ವಾಳವನ್ನು ಹಾದುಹೋಗಬಹುದು. ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯ ಅಲ್ಲಿದೆ. ತುಳುವರ ಮನೆ, ಗದ್ದೆ, ಅಡುಗೆಮನೆಗಳ ನಿತ್ಯದ ವಸ್ತುಗಳಿಗೆ ಅಲ್ಲಿ ಗೌರವದ ಆಸನ ದೊರೆತಿದೆ. ಇಂತಹ ಮನೆಯಲ್ಲಿ ಮೂಲ್ಕಿಯ ಹಳೆಯ ಹಲಗೆಯೊಂದಕ್ಕೂ ಜಾಗ ಒದಗಬಾರದೇಕೆ? ಈಗಿನ ಹಲಗೆ ಮರದ್ದಲ್ಲ. ಕೃತಕ ನೊರೆಯ ತಿರುಳಿಗೆ ಗಾಜಿನ ನಾರು, ಅಂಟುಗಳ ಹೊದಿಕೆ. ಬಿಸಿಲಿಗೆ ಹಳದಿಯಾಗಿ, ಬಿರುಕಿನಲ್ಲಿ ನೀರು ಕುಡಿದು, ಕೆಲವೇ ವರ್ಷಗಳಲ್ಲಿ ಅದು ಗುಜರಿಗೆ ಸೇರುತ್ತದೆ. ಪಾಕಿಯ ಹಲಗೆಯಂತೆ ಗೋಡೆಗೊರಗಿ ನೂರು ವರ್ಷ ಕಾಯುವ ಸಹನೆ ಅದಕ್ಕಿಲ್ಲ. ಕೇಳಿ ಪಡೆಯುವುದಾದರೆ ಈಗಲೇ ಕೇಳಬೇಕು. 2004ರ ಆಸುಪಾಸಿನಲ್ಲಿ ಮೂಲ್ಕಿಯಲ್ಲಿ ಅಲೆಯೇರಲು ಕಲಿತ ಹುಡುಗರು ಇನ್ನೂ ನಡುವಯಸ್ಸಿನವರೇ.