ಮೂವತ್ತೆರಡು ಡಿಗ್ರಿಗೆ ಮುದುಡುವ ಜೆಲ್

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ರಿಚರ್ಡ್ಸ್ ಟೌನಿನ ಮಧ್ಯಾಹ್ನ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ, ಬೆಳಗಿನ ಜಾವ 22ರ ಹತ್ತಿರಕ್ಕೆ ಇಳಿಯುತ್ತದೆ. ಈ ಎರಡು ಅಂಕಿಗಳ ನಡುವೆ, ಸುಮಾರು 32 ಡಿಗ್ರಿಯಲ್ಲಿ, ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಪಾಲಿಮರ್‌ನ ಸ್ವಭಾವವೇ ತಲೆಕೆಳಗಾಗುತ್ತದೆ. ಪ್ರಯೋಗಾಲಯಗಳಲ್ಲಿ ಅದನ್ನು ಚುಟುಕಾಗಿ ‘ಪಿನಿಪ್ಯಾಮ್’ ಎನ್ನುತ್ತಾರೆ. ಅದರ ಸೂಕ್ಷ್ಮ ಕಣಗಳನ್ನು ಕಲಸಿದ ನೀರಿನ ಸೀಸೆಯೊಂದನ್ನು ರಿಚರ್ಡ್ಸ್ ಪಾರ್ಕಿನ ಎದುರಿನ ಯಾವುದಾದರೂ ಮನೆಯ ಜಗಲಿಯಲ್ಲಿಟ್ಟರೆ ಬೆಳಗ್ಗೆ ತಿಳಿಯಾಗಿ ಕಾಣುತ್ತದೆ, ಮಧ್ಯಾಹ್ನ ಬೆಳ್ಳಗೆ ಮಬ್ಬಾಗುತ್ತದೆ, ರಾತ್ರಿ ಮತ್ತೆ ತಿಳಿಯಾಗುತ್ತದೆ. ಡಿಸೆಂಬರಿನಲ್ಲಾದರೆ ದಿನವಿಡೀ ತಿಳಿ.

ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಇಲ್ಲಿ ಅದರ ತದ್ವಿರುದ್ಧ. ಪಿನಿಪ್ಯಾಮ್ ಸರಪಳಿಯ ಒಂದು ಭಾಗಕ್ಕೆ ನೀರು ಇಷ್ಟ, ಇನ್ನೊಂದು ಭಾಗ ಎಣ್ಣೆಯ ಜಾತಿಯದು. ತಂಪಿನಲ್ಲಿ ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಸರಪಳಿಗೆ ಅಂಟಿಕೊಂಡು, ಎಣ್ಣೆಯ ಭಾಗಗಳನ್ನೂ ಸುತ್ತುವರಿದು ನಿಲ್ಲುತ್ತವೆ. ಬಿಸಿಯೇರಿದಂತೆ ಆ ವ್ಯವಸ್ಥೆ ಸಡಿಲವಾಗುತ್ತದೆ, ಎಣ್ಣೆಯ ಭಾಗಗಳು ಒಂದನ್ನೊಂದು ಸೇರುತ್ತವೆ, ನೀರು ಹೊರಬೀಳುತ್ತದೆ. ಸರಪಳಿಗಳನ್ನು ಅಲ್ಲಲ್ಲಿ ಅಡ್ಡಕೊಂಡಿಗಳಿಂದ ಹೆಣೆದಿರುವುದರಿಂದ ಕಣ ತಂಪಿನಲ್ಲೂ ಕರಗಿಹೋಗುವುದಿಲ್ಲ, ಉಬ್ಬುತ್ತದೆ, ಅಷ್ಟೆ. ಉಬ್ಬಿದ ಮತ್ತು ಮುದುಡಿದ ಕಣಗಳ ಗಾತ್ರದಲ್ಲಿ ಹತ್ತು ಪಟ್ಟು ವ್ಯತ್ಯಾಸವಾಗುವುದು ಅಪರೂಪವಲ್ಲ.

ಜೆಲ್‌ಗಳು ಹೀಗೆ ಏಕಾಏಕಿ ಕುಸಿಯಬಲ್ಲವು ಎಂಬುದನ್ನು ಅಮೆರಿಕದ ಎಂಐಟಿಯಲ್ಲಿದ್ದ ಟೊಯೊಇಚಿ ತನಾಕಾ 1978ರಲ್ಲಿ ತೋರಿಸಿದರು. ಪಿನಿಪ್ಯಾಮನ್ನು ಮೈಕ್ರೋಜೆಲ್ ಕಣಗಳಾಗಿ ಮಾಡುವ ವಿಧಾನವನ್ನು 1986ರಲ್ಲಿ ಪೆಲ್ಟನ್ ಮತ್ತು ಷಿಬಾಂಟ್ ಪ್ರಕಟಿಸಿದರು. ಕಣ ಕಿರಿದಾಗಿರುವುದೇ ಇಲ್ಲಿ ದೊಡ್ಡ ಲಾಭ. ಉಬ್ಬಲು ಬೇಕಾಗುವ ಸಮಯ ಅಳತೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಹೂದಾನಿಗೆ ಹಾಕುವ, ಒಂದು ಸೆಂಟಿಮೀಟರಿನ ಜೆಲ್ ಗೋಲಿ ಪೂರ್ತಿ ಉಬ್ಬಲು ತಾಸುಗಟ್ಟಲೆ ಬೇಕು. ಒಂದು ಮೈಕ್ರೋಮೀಟರಿನ ಕಣ ಅದಕ್ಕಿಂತ ಹತ್ತು ಸಾವಿರ ಪಟ್ಟು ಕಿರಿದು. ಹಾಗಾಗಿ ಹತ್ತು ಕೋಟಿ ಪಟ್ಟು ಬೇಗ, ಕಣ್ಣು ಮಿಟುಕಿಸುವ ಮೊದಲೇ ಕೆಲಸ ಮುಗಿದಿರುತ್ತದೆ.

ಇದೇ ಸರಪಳಿಗೆ ಅಕ್ರಿಲಿಕ್ ಆಮ್ಲ ಸೇರಿಸಿದರೆ ಕಣಕ್ಕೆ ಹುಳಿಯ ಅರಿವೂ ಬರುತ್ತದೆ. ಪಿಎಚ್ ಸುಮಾರು 4.3ಕ್ಕಿಂತ ಮೇಲೇರಿದಾಗ ಆಮ್ಲದ ಗುಂಪುಗಳಲ್ಲಿ ಹೆಚ್ಚಿನವು ಪ್ರೋಟಾನನ್ನು ಬಿಟ್ಟುಕೊಟ್ಟು ಋಣ ವಿದ್ಯುದಾವೇಶ ಪಡೆಯುತ್ತವೆ. ಒಂದೇ ಆವೇಶದವು ದೂರ ತಳ್ಳಿಕೊಳ್ಳುತ್ತವೆ. ಜೊತೆಗೆ, ಅವುಗಳನ್ನು ಸರಿದೂಗಿಸಲೆಂದು ಒಳಗೆ ಸೇರುವ ಧನ ಅಯಾನುಗಳು ಆಸ್ಮೋಟಿಕ್ ಒತ್ತಡದಿಂದ ನೀರನ್ನು ಒಳಗೆಳೆಯುತ್ತವೆ. ಹೀಗೆ ಉಬ್ಬಿದ ಕಣದೊಳಕ್ಕೆ ಮೆಥಿಲೀನ್ ಬ್ಲೂನಂಥ ಧನ ಆವೇಶದ ಬಣ್ಣದ ಅಣು ಬಂದರೆ ಅಲ್ಲೇ ಅಂಟಿಕೊಳ್ಳುತ್ತದೆ. ಹುಳಿ ಹೆಚ್ಚಿಸಿದರೆ ಹಿಡಿತ ಸಡಿಲಗೊಂಡು ಬಣ್ಣ ಹೊರಬರುತ್ತದೆ.

ಆದರೆ ಯಾವ ನೀರು ಎಂಬುದನ್ನು ಕೇಳದೆ ಜೆಲ್ ಎಷ್ಟು ಹೀರುತ್ತದೆಂದು ಹೇಳುವುದು ಸರಿಯಲ್ಲ. ಡೈಪರ್‌ನೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ಶುದ್ಧ ಭಟ್ಟಿ ನೀರನ್ನು ತಮ್ಮ ತೂಕದ ನೂರಾರು ಪಟ್ಟು ಹೀರುತ್ತವೆ. ಉಪ್ಪುನೀರಿನಲ್ಲಿ ಆ ಲೆಕ್ಕ ಕೆಲವು ಹತ್ತು ಪಟ್ಟಿಗೆ ಇಳಿಯುತ್ತದೆ. ಕೆ.ಆರ್. ಪುರದ ಕಡೆಯ ಮನೆಗಳಿಗೆ ಪರಿಚಿತವಾದ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಇನ್ನೊಂದು ತೊಡಕಿದೆ: ಕ್ಯಾಲ್ಸಿಯಂನ ಎರಡು ಆವೇಶಗಳು ಎರಡು ಸರಪಳಿಗಳನ್ನು ಒಟ್ಟಿಗೆ ಕಟ್ಟಿಹಾಕುತ್ತವೆ. ಗಿಡದ ಬುಡಕ್ಕೆ ಇಂಥ ಜೆಲ್ ಹಾಕುವವರು ಪೊಟ್ಟಣದ ಮೇಲಿನ ಅಂಕಿಯನ್ನಷ್ಟೇ ನಂಬದೆ, ಒಂದು ಚಿಟಿಕೆಯನ್ನು ತಮ್ಮ ನಲ್ಲಿ ನೀರಿನಲ್ಲೇ ನೆನೆಸಿ ನೋಡುವುದು ಒಳ್ಳೆಯದು.

ಹುಳಿಯನ್ನು ಅರಿಯುವ ಕಣಗಳ ಹತ್ತಿರದ ರಸಾಯನವೊಂದು ಫ್ರೇಜರ್ ಟೌನಿನ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಆಮ್ಲದಲ್ಲಿ ಕೆಟ್ಟುಹೋಗುವ ಔಷಧ. ಆದ್ದರಿಂದ ಆ ಮಾತ್ರೆಗೆ ಹೆಚ್ಚಾಗಿ ಮೆಥಾಕ್ರಿಲಿಕ್ ಆಮ್ಲದ ಪಾಲಿಮರ್ ಲೇಪವಿರುತ್ತದೆ. ಹೊಟ್ಟೆಯ ತೀವ್ರ ಹುಳಿಯಲ್ಲಿ ಲೇಪ ಗಟ್ಟಿಯಾಗಿ ಉಳಿದು, ಸಣ್ಣ ಕರುಳಿನಲ್ಲಿ ಪಿಎಚ್ 5.5 ದಾಟಿದ ಮೇಲೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಅಡ್ಡಕೊಂಡಿಗಳಿಲ್ಲ, ಹಾಗಾಗಿ ಉಬ್ಬಿ ನಿಲ್ಲದೆ ಕರಗಿಯೇ ಹೋಗುತ್ತದೆ. ಅಂಥ ಮಾತ್ರೆಯನ್ನು ಪುಡಿಮಾಡಬಾರದೆನ್ನಲು ಕಾರಣವೂ ಇದೇ.

ರಿಚರ್ಡ್ಸ್ ಟೌನಿನಿಂದ ಕೆಲವೇ ಕಿಲೋಮೀಟರ್ ದೂರದ ಸದಾಶಿವನಗರದಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯ ರಂಜಿನಿ ಬಂದ್ಯೋಪಾಧ್ಯಾಯ ಅವರ ತಂಡ ಪಿನಿಪ್ಯಾಮ್ ಕಣಗಳನ್ನು ಬೇರೆಯೇ ಉದ್ದೇಶಕ್ಕೆ ಬಳಸಿದೆ. ನೀರಿನಲ್ಲಿ ಕಣಗಳು ಕಿಕ್ಕಿರಿದಾಗ ದ್ರವ ಹರಿಯದೆ ಗಾಜಿನಂತೆ ಸ್ತಬ್ಧವಾಗುವುದು ಹೇಗೆ ಎಂಬುದು ಪ್ರಶ್ನೆ. ಒಂದು ಕಣವನ್ನೂ ಸೇರಿಸದೆ, ತೆಗೆಯದೆ, ಉಷ್ಣತೆ ಹೊಂದಿಸಿಯೇ ದಟ್ಟಣೆಯನ್ನು ಏರಿಳಿಸಲು ಸಾಧ್ಯವಿರುವುದು ಇಂಥ ಅಧ್ಯಯನಕ್ಕೆ ದೊಡ್ಡ ಅನುಕೂಲ.

ಇಂಥ ಕಣಗಳಲ್ಲಿ ಔಷಧಿಯನ್ನು ದೇಹದೊಳಗೆ ಸಾಗಿಸುವ ಕನಸಿಗೆ ಮಾತ್ರ ಇನ್ನೂ ಅಡ್ಡಿಗಳಿವೆ. ನಮ್ಮ ಮೈಯ ಬಿಸಿ 37 ಡಿಗ್ರಿ. ಬರೀ ಪಿನಿಪ್ಯಾಮ್ ಒಳಹೊಕ್ಕ ಕೂಡಲೇ ಮುದುಡುತ್ತದೆ. ಅದಕ್ಕೇ ನೀರನ್ನು ಹೆಚ್ಚು ಬಯಸುವ ಅಣುಗಳನ್ನು ಬೆರೆಸಿ ಗಡಿಯನ್ನು 40ರ ಸುತ್ತಮುತ್ತಕ್ಕೆ ಏರಿಸುತ್ತಾರೆ. ಕ್ಯಾನ್ಸರ್ ಗೆಡ್ಡೆಯಿರುವ ಜಾಗವನ್ನಷ್ಟೇ ಬಿಸಿ ಮಾಡಿದಾಗ ಕಣ ಕುಸಿದು ಔಷಧಿಯನ್ನು ಅಲ್ಲಿ ಹಿಂಡಲಿ ಎಂಬ ಲೆಕ್ಕಾಚಾರ ಅದು. ಈ ಪಾಲಿಮರ್ ದೇಹದಲ್ಲಿ ತಾನಾಗಿ ಜೀರ್ಣವಾಗುವುದೂ ಇಲ್ಲ. ಆದ್ದರಿಂದ ಅಡ್ಡಕೊಂಡಿಗಳಿಗೆ ಎರಡು ಗಂಧಕ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧಗಳನ್ನು ಬಳಸಿ ನೋಡಲಾಗುತ್ತಿದೆ. ಜೀವಕೋಶದೊಳಗಿನ ಗ್ಲುಟಾಥಯೋನ್ ಆ ಬಂಧಗಳನ್ನು ಕತ್ತರಿಸುತ್ತದೆ, ಬಿಡಿಯಾದ ಸರಪಳಿಗಳು ಸಾಕಷ್ಟು ಗಿಡ್ಡವಾಗಿದ್ದರೆ ಮೂತ್ರಪಿಂಡದ ಮೂಲಕ ಹೊರಹೋಗಬಲ್ಲವು.